ಕೊನೆಗೆ ಬಂದವರು ಪಾಸು

ಆಗ ನನಗೆ ಐವತ್ತೊಂಬತ್ತು. ಈಗ ಅದಕ್ಕೆ ಹನ್ನೊಂದು ವರ್ಷವಾಯಿತು. ಆ ವಯಸ್ಸಿನಲ್ಲಿ ಕಾರು ಕಲಿತೆ ಎಂದರೆ ಕೇಳಿದವರು ನಗುತ್ತಾರೆ. ಕಲಿಸಿದವರು ಮೊದಲ ಒಂದು ತಿಂಗಳು ಟಿ.ವಿ. ಮುಂದೆ ಕೂರಿಸಿ ವಿಡಿಯೋ ಗೇಮ್ ಆಡಿಸಿದರು ಎಂದರೆ ಇನ್ನಷ್ಟು ನಗುತ್ತಾರೆ. ನಗಲಿ. ಹಾಗೆ ನಗುವವರಲ್ಲಿ ಎಷ್ಟು ಜನಕ್ಕೆ ದಿಬ್ಬದ ಮೇಲೆ ನಿಂತ ಗಾಡಿಯನ್ನು ಹಿಂದೆ ಜಾರಿಸದೆ ಎತ್ತಲು ಬರುತ್ತದೆ ಎಂದು ನಾನೂ ನೋಡಿದ್ದೇನೆ.

ಕಲಿಸಿದ ಮೇಷ್ಟ್ರು ಹೋದ ವರ್ಷ ತೀರಿಕೊಂಡರು. ಅವರ ಹೆಂಡತಿ ಫೋನ್ ಮಾಡಿದಾಗ ನಾನು ಹುರುಳಿಕಾಳು ಆರಿಸುತ್ತಿದ್ದೆ. ಹಲಸೂರಿಗೆ ಹೋಗಿ ನೋಡಿಕೊಂಡು ಬಂದೆ. ತಲೆ ಕಪ್ಪಗೆ, ಮೀಸೆ ಬೆಳ್ಳಗೆ, ಇದ್ದ ಹಾಗೇ ಇದ್ದರು. ತಲೆಗೆ ಮಾತ್ರ ಬಣ್ಣ ಹಚ್ಚಿ ಮೀಸೆಯನ್ನು ಯಾಕೆ ಬಿಡುತ್ತೀರಿ ಎಂದು ಒಂದು ಸಲ ಕೇಳಿದ್ದೆ. ತಲೆ ಗಿರಾಕಿಗಳಿಗೆ, ಮೀಸೆ ಪೊಲೀಸರಿಗೆ ಎಂದಿದ್ದರು. ಬಿಳಿ ಮೀಸೆ ಕಂಡರೆ ಪೊಲೀಸರು ಗಾಡಿ ತಡೆದರೂ ‘ಸಾರ್’ ಎನ್ನುತ್ತಾರಂತೆ. ನಾನು ಕಂಡ ಹಾಗೆ ಅವರನ್ನು ಒಬ್ಬ ಪೊಲೀಸನೂ ತಡೆಯಲಿಲ್ಲ. ತಡೆಯಲು ಗಾಡಿ ಓಡುತ್ತಿರಬೇಕಲ್ಲ. ಅವರದು ಓಡುತ್ತಿದೆಯೋ ನಿಂತಿದೆಯೋ ಎಂದು ಹತ್ತಿರ ಬಂದು ನೋಡಬೇಕಿತ್ತು.

ನಾನು ಅವರ ಅಂಗಡಿಗೆ ಹೋದದ್ದು ಚಟಕ್ಕಲ್ಲ. ನಮ್ಮದು ಕಗ್ಗದಾಸಪುರ. ಹೊಲ ಇದ್ದ ಕಾಲಕ್ಕೆ ರಾಗಿ, ಅವರೆ. ಆಮೇಲೆ ಹೊಲ ಹೋಗಿ ಬಾಡಿಗೆ ಮನೆಗಳು ಬಂದವು. ಆಗ ನಮ್ಮ ಯಜಮಾನರು ಆಸೆಪಟ್ಟು ಒಂದು ಬಿಳೀ ಕಾರು ತೆಗೆದುಕೊಂಡರು. ಐದು ವರ್ಷ ಓಡಿಸಿದರು, ಅದರೊಳಗೆ ಮೂತ್ರಪಿಂಡ ಎರಡೂ ಕೆಟ್ಟವು. ಮಂಗಳವಾರ, ಗುರುವಾರ, ಶನಿವಾರ ಬೆಳಿಗ್ಗೆ ಆರಕ್ಕೆ ಇಂದಿರಾನಗರದ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಆರು ಎಂದರೆ ಆರು. ತಡವಾದರೆ ಆ ಮೆಷೀನಿಗೆ ಇನ್ನೊಬ್ಬರನ್ನು ಹಾಕುತ್ತಾರೆ, ನಾವು ಸಂಜೆಯವರೆಗೆ ಕಾಯಬೇಕು, ಅಷ್ಟರಲ್ಲಿ ಇವರಿಗೆ ಉಸಿರು ಕಟ್ಟುತ್ತದೆ. ಎರಡು ಸಲ ಹಾಗಾಗಿತ್ತು.

ನಮ್ಮ ಬೀದಿಯ ಆಟೋದವನೊಬ್ಬ ತಪ್ಪದೆ ಕರೆದುಕೊಂಡು ಹೋಗುತ್ತಿದ್ದ. ಶ್ರಾವಣದಲ್ಲಿ ಬಂದು, ಹೊಸಕೋಟೆಯಲ್ಲಿ ಮನೆ ಕಟ್ಟಿದ್ದೇನೆ, ದೀಪಾವಳಿ ಕಳೆದ ಮೇಲೆ ಬರಲು ಆಗುವುದಿಲ್ಲ ಎಂದ. ಫೋನಿನಲ್ಲಿ ಕರೆಸುವ ಟ್ಯಾಕ್ಸಿಗಳನ್ನೂ ನೋಡಿದೆ. ಐದೂಕಾಲಿಗೆ ಬರುತ್ತೇನೆ ಎಂದವನು ಐದೂ ಹತ್ತಕ್ಕೆ ಬರುವುದಿಲ್ಲ ಎನ್ನುತ್ತಿದ್ದ. ಬಂದವನೊಬ್ಬ, ಇವರು ಸೀಟಿನ ಮೇಲೆ ವಾಂತಿ ಮಾಡಿಕೊಂಡರೆಂದು ದಾರಿಯಲ್ಲೇ ಇಳಿಸಿದ. ಮಗಳನ್ನು ಮಾಲೂರಿಗೆ ಕೊಟ್ಟಿದೆ, ಅವಳಿಗೆ ಅವಳ ಮನೆಯದೇ ಸಾಕಷ್ಟಿದೆ. ಕಾರು ಮನೆ ಮುಂದೆ ಹೊದಿಕೆ ಹೊದ್ದುಕೊಂಡು ನಿಂತಿತ್ತು. ದೀಪಾವಳಿಗೆ ಮೂರು ತಿಂಗಳಿತ್ತು. ಲೆಕ್ಕ ಸುಲಭವಾಗಿತ್ತು.

ಯಜಮಾನರಿಗೆ ಹೇಳಿದೆ. ನಿನಗೆ ಎಮ್ಮೆ ಹೊಡೆದುಕೊಂಡು ಹೋಗಲೇ ನೆಟ್ಟಗೆ ಬರುತ್ತಿರಲಿಲ್ಲ ಎಂದರು. ಎಮ್ಮೆಗೆ ಬ್ರೇಕ್ ಇರಲಿಲ್ಲ ಎಂದೆ.

ಎರಡು ಡ್ರೈವಿಂಗ್ ಸ್ಕೂಲಿನವರು ನನ್ನ ಮುಖ ನೋಡಿ, ಮಗನಿದ್ದರೆ ಕಳಿಸಿ ಅಮ್ಮ ಎಂದರು. ಮೂರನೆಯದು ಇವರದು. ಬೈಯಪ್ಪನಹಳ್ಳಿ ಮೆಟ್ರೋ ಕಡೆಗೆ ತಿರುಗುವ ರಸ್ತೆಯಲ್ಲಿ, ಜೆರಾಕ್ಸ್ ಅಂಗಡಿಗೂ ಕೋಳಿ ಅಂಗಡಿಗೂ ನಡುವೆ ಒಂದು ಸಣ್ಣ ಶೆಟರ್. ಇವರು ನನ್ನ ವಯಸ್ಸು ಕೇಳಲಿಲ್ಲ, ಓದು ಕೇಳಲಿಲ್ಲ. ಎಡಗಾಲು ಎತ್ತಿ ಮೆಲ್ಲಗೆ ಇಳಿಸಿ ಎಂದರು. ಇಳಿಸಿದೆ. ಇನ್ನೂ ಮೆಲ್ಲಗೆ ಎಂದರು. ಇಳಿಸಿದೆ. ನಾಳೆಯಿಂದ ಬನ್ನಿ ಎಂದರು.

ಒಳಗೆ ಕಂಡದ್ದು ಕಾರಲ್ಲ, ಡಬ್ಬಾ ಟಿ.ವಿ. ಅದರ ಕೆಳಗೆ ಬೂದು ಬಣ್ಣದ ಒಂದು ಆಟದ ಪೆಟ್ಟಿಗೆ. ಶಿವಾಜಿನಗರದ ಗುಜರಿಯಲ್ಲಿ ಆರಿಸಿ ತಂದದ್ದಂತೆ, ಅವರು ತರುವ ಹೊತ್ತಿಗೇ ಊರಿನ ಮಕ್ಕಳು ಅದನ್ನು ಬಿಟ್ಟು ಹತ್ತು ವರ್ಷವಾಗಿತ್ತು. ಅದನ್ನು ತಲೆಕೆಳಗು ಮಾಡಿ ಇಟ್ಟರೆ ಮಾತ್ರ ಒಳಗಿನ ಸಿ.ಡಿ. ಓಡುತ್ತಿತ್ತು. ನೆಟ್ಟಗಿಟ್ಟರೆ ಗರಗರ ಎಂದು ನಿಂತುಹೋಗುತ್ತಿತ್ತು. ಟೇಬಲ್ಲಿಗೆ ಒಂದು ಪ್ಲಾಸ್ಟಿಕ್ ಸ್ಟಿಯರಿಂಗ್ ಕಚ್ಚಿಸಿದ್ದರು, ಕೆಳಗೆ ಅದರದೇ ಎರಡು ಪೆಡಲು. ಆಟದಲ್ಲಿ ಕ್ಲಚ್ ಇಲ್ಲವಲ್ಲ. ಅದಕ್ಕೆ ಹೆಂಡತಿಯ ಹಳೇ ಹೊಲಿಗೆ ಮೆಷೀನಿನ ತುಳಿಯುವ ಪಟ್ಟಿಯನ್ನು ಬಿಚ್ಚಿ ತಂದು ಎಡಕ್ಕೆ ಜೋಡಿಸಿದ್ದರು. ಗೇರಿಗೆ, ಪೇಂಟ್ ಡಬ್ಬದಲ್ಲಿ ಮರಳು ತುಂಬಿ ನೆಟ್ಟ ಕೊಡೆಯ ಹಿಡಿ. ಆ ಪಟ್ಟಿಗೂ ಕೊಡೆಗೂ ಟಿ.ವಿ.ಗೂ ಯಾವ ಸಂಬಂಧವೂ ಇಲ್ಲ. ಆದರೂ ತುಳಿಯದೆ ಕೊಡೆ ಎಳೆದರೆ ಪಕ್ಕದಲ್ಲಿ ಕೂತು ಬಾಯಲ್ಲೇ ‘ಕರ್ರ್’ ಎಂದು ಗೇರು ಅರೆಯುವ ಸದ್ದು ಮಾಡುತ್ತಿದ್ದರು. ಅಸಲಿ ಗೇರಿಗಿಂತ ಕೆಟ್ಟದಾಗಿ ಮಾಡುತ್ತಿದ್ದರು.

ಆಟ ಯಾವುದೆಂದರೆ ರೇಸು. ಎಂಟು ಕಾರು, ಸಮುದ್ರದ ಪಕ್ಕ ಒಂದು ರಸ್ತೆ, ಒಂದು ಸುರಂಗ, ಒಂದು ಸೇತುವೆ, ಮೂರು ಸುತ್ತು. ಗೆದ್ದರೆ ಮುಂದಿನ ರಸ್ತೆ ಬರುತ್ತದಂತೆ. ನಾವು ಯಾರೂ ಆ ಮುಂದಿನ ರಸ್ತೆ ನೋಡಲಿಲ್ಲ. ಯಾಕೆಂದರೆ ಮೇಷ್ಟ್ರ ಕಾನೂನು ಬೇರೆ. ಬಾವುಟ ಬಿದ್ದ ಕೂಡಲೇ ಏಳು ಕಾರು ಹಾರಿಹೋಗುತ್ತವೆ. ನಾವು ಕನ್ನಡಿ ನೋಡಬೇಕು, ಕೈ ತೋರಿಸಬೇಕು, ಆಮೇಲೆ ಹೊರಡಬೇಕು. ಎರಡನೇ ತಿರುವಿನಲ್ಲಿ ಕೆಂಪು ಜಾಹೀರಾತು ಹಲಗೆ ಇದೆ, ಅದೇ ಸಿಗ್ನಲ್. ಅಲ್ಲಿ ನಿಂತು ಮೂವತ್ತು ಎಣಿಸಬೇಕು. ಸುರಂಗದಲ್ಲಿ ಹಾರ್ನ್ ಇಲ್ಲದ ಆಟಕ್ಕೆ ಬಾಯಲ್ಲೇ ಹಾರ್ನ್ ಹೊಡೆಯಬೇಕು. ಅಷ್ಟರಲ್ಲಿ ಆ ಏಳು ಕಾರು ಒಂದು ಸುತ್ತು ಮುಗಿಸಿ ಹಿಂದಿನಿಂದ ಬರುತ್ತವೆ, ಅವಕ್ಕೆ ದಾರಿ ಬಿಡಬೇಕು. ಒಬ್ಬರಿಗೂ ತಾಗಿಸದೆ ಎಂಟನೆಯವರಾಗಿ ಬಂದರೆ ಪಾಸು. ಟಿ.ವಿ. ಒಳಗೆ ಒಬ್ಬ ಇಂಗ್ಲಿಷಿನಲ್ಲಿ ಏನೋ ಕಿರುಚುತ್ತಿದ್ದ. ಏನಂತಾನೆ ಎಂದು ಕೇಳಿದರೆ, ಏನೋ ಬೈತಾನೆ, ರೋಡಲ್ಲೂ ಬೈತಾರೆ, ಕೇಳಿಸಿಕೊಳ್ಳದೆ ಅಭ್ಯಾಸ ಮಾಡಿಕೊಳ್ಳಿ ಎನ್ನುತ್ತಿದ್ದರು.

ಟೆಕ್ ಪಾರ್ಕಿನ ಒಬ್ಬ ಗಡ್ಡದವನು ಮೊದಲ ದಿನವೇ ಎಲ್ಲರಿಗಿಂತ ಮುಂದೆ ಬಂದು ಹೆಮ್ಮೆಯಿಂದ ತಿರುಗಿ ನೋಡಿದ. ಅವನನ್ನು ಮನೆಗೆ ಕಳಿಸಿದರು. ಒಂದು ವಾರ ಸುಮ್ಮನೆ ಬಸ್ಸಿನಲ್ಲಿ ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತು ಬನ್ನಿ ಎಂದರು. ಅವನು ಬರಲೇ ಇಲ್ಲ. ಅವಸರ ಇರುವವರು ನಡೆದುಕೊಂಡು ಹೋಗಲಿ ಎನ್ನುವುದು ಅವರ ಮಾತು. ದಿನಕ್ಕೆ ನಾಲ್ಕು ಸಲ ಅದನ್ನೇ ಹೇಳುತ್ತಿದ್ದರು.

ನಾನು ಹದಿನೈದು ದಿನದಲ್ಲಿ ಎಂಟನೆಯವಳಾದೆ. ಆಮೇಲೆ ಒಂದು ದಿನವೂ ಏಳನೆಯವಳಾಗಲಿಲ್ಲ. ಹಳೇ ಮದ್ರಾಸ್ ರಸ್ತೆಯ ಗುಂಡಿಗಳಿಗಿಂತ ಆ ಸಮುದ್ರದ ರಸ್ತೆಯ ಗುರುತೇ ನನಗೆ ಚೆನ್ನಾಗಿತ್ತು. ಮೇಷ್ಟ್ರು ಬೇರೆಯವರ ಮುಂದೆ, ಅಮ್ಮನ್ನ ನೋಡಿ ಕಲೀರಿ ಎನ್ನುತ್ತಿದ್ದರು. ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಯಾರೂ ನನ್ನನ್ನು ಹಾಗೆ ತೋರಿಸಿರಲಿಲ್ಲ. ನನಗೆ ಸ್ವಲ್ಪ ಕೊಬ್ಬು ಬಂತು ಎಂದೇ ಹೇಳಬೇಕು.

ಅವರು ಕುಂಟುತ್ತಿದ್ದರು. ಬಲಗಾಲು ಒಂದಿಷ್ಟು ಗಿಡ್ಡ. ಯಾಕೆಂದು ನಾನು ಕೇಳಲಿಲ್ಲ, ಅವರ ಹೆಂಡತಿಯೇ ಹೇಳಿದರು. ಹಲಸೂರಿನಿಂದ ಬುತ್ತಿ ತಂದಿದ್ದರು ಆವತ್ತು. ಮೇಷ್ಟ್ರು ಹರೆಯದಲ್ಲಿ ಎಕ್ಸಿಬಿಷನ್ನುಗಳಲ್ಲಿ ಮರಣಬಾವಿಯಲ್ಲಿ ಬೈಕ್ ಓಡಿಸುತ್ತಿದ್ದವರಂತೆ. ಮರದ ಹಲಗೆಯ ದೊಡ್ಡ ಬಾವಿ, ಅದರ ಗೋಡೆಯ ಮೇಲೆ ಸುತ್ತು ಸುತ್ತು, ಜನ ಮೇಲಿನಿಂದ ಬಗ್ಗಿ ನೋಡುತ್ತಾರಲ್ಲ, ಅದು. ನಾನೂ ಚಿಕ್ಕವಳಾಗಿದ್ದಾಗ ಒಂದು ಸಲ ನೋಡಿ ಕಣ್ಣು ಮುಚ್ಚಿಕೊಂಡಿದ್ದೆ. ಜೋರಾಗಿ ಹೋಗಿ ಒಂದು ದಿನ ಬಿದ್ದರು, ಕಾಲು ಹೋಯಿತು ಎಂದರು ಆಕೆ.

“ಎರಡೂ ಕೈ ಬಿಟ್ಟು ಓಡಿಸ್ತಿದ್ದ ಮನುಷ್ಯ ರೀ ಇವರು. ಈಗ ಸ್ಕೂಟರ್ ಹಿಂದೆ ಕೂತ್ರೆ, ಇಳಿದು ನಡ್ಕೊಂಡ್ ಹೋದ್ರೆ ಬೇಗ ತಲುಪ್ತೀನೇನೋ ಅನ್ಸತ್ತೆ,” ಎಂದರು. ಮೇಷ್ಟ್ರು ತಮಿಳಿನಲ್ಲಿ ಏನೋ ಅಂದರು. ಆಕೆ ಅದಕ್ಕೂ ನಕ್ಕರು.

ಇನ್ನೊಂದು ಸಂಗತಿ ಆಕೆಗೂ ಗೊತ್ತಿರಲಿಲ್ಲ. ಒಂದು ಮಧ್ಯಾಹ್ನ ಮನೆಕೆಲಸ ಬೇಗ ಮುಗಿದು ನಾನು ಅರ್ಧ ಗಂಟೆ ಮುಂಚೆ ಅಂಗಡಿಗೆ ಹೋದೆ. ಶೆಟರ್ ಅರ್ಧಕ್ಕೆ ಇಳಿದಿತ್ತು. ಬಗ್ಗಿ ನೋಡಿದರೆ ಮೇಷ್ಟ್ರು ಬೇರೊಂದು ಸಿ.ಡಿ. ಹಾಕಿದ್ದಾರೆ. ಚಕ್ರದ ಹಲಗೆಯ ಮೇಲೆ ನಿಂತ ಒಬ್ಬ ಪಡ್ಡೆ ಹುಡುಗ ಮೆಟ್ಟಿಲ ಕಂಬಿಯ ಮೇಲೆ ಜಾರುತ್ತಾನೆ, ಗೋಡೆ ಹತ್ತುತ್ತಾನೆ, ಗಾಳಿಯಲ್ಲಿ ಎರಡು ಸುತ್ತು ತಿರುಗುತ್ತಾನೆ, ದಬ್ಬನೆ ಬೀಳುತ್ತಾನೆ, ಮತ್ತೆ ಎದ್ದು ಓಡುತ್ತಾನೆ. ಟಿ.ವಿ. ಹುಡುಗ ಎಡಕ್ಕೆ ಬಾಗಿದರೆ ಮೇಷ್ಟ್ರು ಕುರ್ಚಿಯಲ್ಲಿ ಎಡಕ್ಕೆ ಬಾಗುತ್ತಾರೆ. ನಾಲಿಗೆ ಹೊರಗಿದೆ. ಗಿಡ್ಡ ಕಾಲು ನೆಲದಿಂದ ಮೇಲೆದ್ದಿದೆ.

ನನ್ನನ್ನು ನೋಡಿ ನಾಲಿಗೆ ಒಳಗೆಳೆದುಕೊಂಡರು.

“ಇವನನ್ನ ನೋಡಿ ಅಮ್ಮ. ಎಷ್ಟು ಸಲ ಬಿದ್ರೂ ಎದ್ಬಿಡ್ತಾನೆ. ಮೂಳೇನೇ ಇಲ್ಲ ಇವನಿಗೆ.”

“ನಿಮಗೆ ವಯಸ್ಸೆಷ್ಟು ಮೇಷ್ಟ್ರೇ?”

“ಅರವತ್ಮೂರು.”

“ಹಾಗಾದ್ರೆ ಅವನನ್ನ ಆರಿಸಿ, ನನ್ನ ಪಾಠ ಶುರು ಮಾಡಿ.”

ಆರಿಸಿದರು. ಆವತ್ತು ಪಾಠದಲ್ಲಿ ನನಗೆ ಎಂದೂ ಇಲ್ಲದಷ್ಟು ತಪ್ಪು ಹುಡುಕಿದರು.

ಆಮೇಲೆ ಅಸಲಿ ಕಾರು. ಸ್ಕೂಲಿನ ಕೆಂಪು ಕಾರಿನಲ್ಲಿ ಕಲಿಸುವವರ ಕಾಲಡಿಗೂ ಒಂದು ಬ್ರೇಕ್ ಇರುತ್ತದೆ. ಬೇರೆ ಸ್ಕೂಲಿನವರು ಅದರ ಮೇಲೆ ಕಾಲಿಟ್ಟುಕೊಂಡೇ ಕೂರುತ್ತಾರೆ. ಇವರು ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ, ಊಟಕ್ಕೆ ಕೂತವರ ಹಾಗೆ ಕೂರುತ್ತಿದ್ದರು. ನನಗೆ ಬ್ರೇಕ್ ಇಲ್ಲ, ಇರುವುದು ನಿಮ್ಮ ಹತ್ತಿರ ಮಾತ್ರ ಎಂದು ತೋರಿಸಲು. ಧೈರ್ಯ ಇತ್ತು ಎನ್ನಬೇಡಿ. ನಾನು ಓರೆಗಣ್ಣಿನಲ್ಲಿ ನೋಡಿದ್ದೇನೆ. ಎದುರಿಗೆ ಬಸ್ಸು ಬಂದಾಗ ಅವರ ಕಾಲ್ಬೆರಳು ಚಪ್ಪಲಿ ಇಲ್ಲದೆ ಹಾಗೇ ಸುರುಟಿಕೊಂಡು ಸೀಟಿನ ಬಟ್ಟೆ ಹಿಡಿಯುತ್ತಿದ್ದವು. ಮುಖ ಮಾತ್ರ ದೇವಸ್ಥಾನದಲ್ಲಿ ಕೂತ ಹಾಗೆ. ನಾನು ಸರಿಯಾಗಿ ಓಡಿಸುತ್ತಿದ್ದೇನೋ ಇಲ್ಲವೋ ಎಂದು ತಿಳಿಯಲು ರಸ್ತೆಗಿಂತ ಆ ಬೆರಳುಗಳನ್ನೇ ಹೆಚ್ಚು ನೋಡುತ್ತಿದ್ದೆ.

ರಸ್ತೆಯಲ್ಲೂ ಅದೇ ಕಾನೂನು. ದಾರಿ ಬಿಡಿ, ಬಿಡಿ, ಬಿಡಿ. ಸುರಂಜನದಾಸ್ ರಸ್ತೆಯಲ್ಲಿ ನಾವು ಒಂದು ಕಬ್ಬಿನ ಗಾಡಿಗೂ ದಾರಿ ಬಿಟ್ಟಿದ್ದೇವೆ. ಗಾಡಿಯವನು ಕಬ್ಬು ಹಿಂಡುತ್ತ ನಿಂತಿದ್ದ, ಅವನು ಎಲ್ಲಿಗೂ ಹೊರಟಿರಲಿಲ್ಲ.

ಟೆಸ್ಟು ಬಂತು. ದೀಪಾವಳಿಗೆ ಇನ್ನು ಹನ್ನೆರಡು ದಿನ. ನನಗೆ ಹೆದರಿಕೆ ಇರಲಿಲ್ಲ, ಮೇಷ್ಟ್ರಿಗೂ ಇರಲಿಲ್ಲ. ಅವರ ಹತ್ತಿರ ಕಲಿತವರು ಯಾರೂ ಅಲ್ಲಿಯವರೆಗೆ ಫೇಲಾಗಿರಲಿಲ್ಲವಂತೆ. ಆರ್.ಟಿ.ಓ. ಮೈದಾನದಲ್ಲಿ ಇನ್‌ಸ್ಪೆಕ್ಟರ್ ಪಕ್ಕದಲ್ಲಿ ಕೂತರು. ಎಂಟು ಹಾಕಿಸಿದರು, ಹಾಕಿದೆ. ದಿಬ್ಬ ಹತ್ತಿಸಿದರು, ನಡುವೆ ನಿಲ್ಲಿಸಿ ಎತ್ತಿ ಎಂದರು, ಎತ್ತಿದೆ. ಒಂದು ಅಂಗುಲ ಜಾರಲಿಲ್ಲ. ಈಗ ಸುತ್ತು ಹಾಕಿ ಗೇಟಿನಿಂದ ಹೊರಗೆ ರಸ್ತೆಗೆ ಹೋಗಿ ಎಂದರು.

ಗೇಟಿನ ಹತ್ತಿರ ಟೆಸ್ಟಿಗೆ ಬಂದ ಸ್ಕೂಟರಿನವರು ಬರುತ್ತಿದ್ದರು. ದಾರಿ ಬಿಟ್ಟೆ. ಇನ್ನೊಬ್ಬ ಬಂದ, ಬಿಟ್ಟೆ. ರಸ್ತೆಯಲ್ಲಿ ಬಸ್ಸು, ಅದರ ಹಿಂದೆ ನೀರಿನ ಟ್ಯಾಂಕರ್, ಅದರ ಹಿಂದೆ ಆಟೋಗಳು. ಬಿಟ್ಟೆ, ಬಿಟ್ಟೆ, ಬಿಟ್ಟೆ. ಹೋಗಮ್ಮ ಎಂದರು ಇನ್‌ಸ್ಪೆಕ್ಟರ್. ನಾನು ಮನಸ್ಸಿನಲ್ಲಿ ಮೂವತ್ತು ಎಣಿಸುತ್ತಿದ್ದೆ. ಮುಗಿಯುವಷ್ಟರಲ್ಲಿ ಮತ್ತೊಂದು ಬಸ್ಸು ಬರುತ್ತಿತ್ತು, ಮತ್ತೆ ಒಂದರಿಂದ ಶುರು. ನನ್ನ ಹಿಂದೆ ಹತ್ತು ಗಾಡಿ ನಿಂತು ಹಾರ್ನ್ ಹೊಡೆಯುತ್ತಿದ್ದವು. ಬೈಗುಳ ಕೇಳಿಸಿಕೊಳ್ಳದ ಅಭ್ಯಾಸ ನನಗೆ ಚೆನ್ನಾಗಿ ಆಗಿತ್ತಲ್ಲ, ಇನ್‌ಸ್ಪೆಕ್ಟರ್ ಮಾತನ್ನೂ ಕೇಳಿಸಿಕೊಳ್ಳಲಿಲ್ಲ. ಕೊನೆಗೆ ಅವರು ಬಾಗಿಲು ತೆಗೆದು ಇಳಿದರು. ಮೇಷ್ಟ್ರನ್ನು ಕರೆದರು.

“ಈ ಯಮ್ಮ ರೋಡಿಗಿಳಿದ್ರೆ ಹೊಸಕೋಟೆವರೆಗೂ ಜಾಮ್ ಆಗತ್ತೆ ಕಣ್ರೀ. ವಾರ ಬಿಟ್ಟು ಕರ್ಕೊಂಡ್ ಬನ್ನಿ,” ಎಂದರು.

ಮೇಷ್ಟ್ರ ಮುಖ ಬಿಳಿಚಿತು. ವಾಪಸು ಬರುವಾಗ ಅವರೇ ಓಡಿಸಿದರು. ನಾನು ಸುಮ್ಮನಿರಲಿಲ್ಲ. ವಾರ ಬಿಟ್ಟು ಹೋಗಿ ಪಾಸಾದರೂ ಕಾರ್ಡು ಅಂಚೆಯಲ್ಲಿ ಬರಲು ಇನ್ನೊಂದು ವಾರ, ಅಷ್ಟು ಹೊತ್ತಿಗೆ ಆಟೋದವನು ಊರು ಬಿಟ್ಟಿರುತ್ತಾನೆ. ಮತ್ತೆ ಫೇಲಾದರೆ ನಮ್ಮ ಯಜಮಾನರನ್ನು ಹೊತ್ತುಕೊಂಡು ಹೋಗಲೇ ಎಂದು ಕೇಳಿದೆ. ನಿಮ್ಮ ಎಂಟನೇ ನಂಬರ್ ನೀವೇ ಇಟ್ಟುಕೊಳ್ಳಿ ಎಂದೆ. ತಿಂಗಳುಗಟ್ಟಲೆ ಹೊಲಿಗೆ ಮೆಷೀನ್ ತುಳಿಸಿ ನನ್ನನ್ನು ಮಂಗ ಮಾಡಿದಿರಿ ಎಂದೂ ಅಂದೆ. ಅದು ಸ್ವಲ್ಪ ಜಾಸ್ತಿಯಾಯಿತು. ಆದರೆ ಅಂದದ್ದು ಅಂದೆ.

ಅಂಗಡಿಗೆ ಬಂದು ಶೆಟರ್ ಎತ್ತಿದರು. ಪೆಟ್ಟಿಗೆ ತಲೆಕೆಳಗು ಮಾಡಿದರು, ರೇಸಿನ ಸಿ.ಡಿ. ಒರೆಸಿ ಹಾಕಿದರು. ನನ್ನನ್ನು ಸ್ಟಿಯರಿಂಗ್ ಮುಂದೆ ಕೂರಿಸಿ ತಾವು ಆಟದ ಗುಂಡಿಗಳಿರುವ ಕೈಪಟ್ಟಿ ಹಿಡಿದು ಪಕ್ಕದಲ್ಲಿ ಕೂತರು. ಟಿ.ವಿ. ಎರಡು ಭಾಗವಾಯಿತು, ಮೇಲೆ ನನ್ನ ಕಾರು, ಕೆಳಗೆ ಅವರದು. ಇವತ್ತು ಮುಂದೆ ಬನ್ನಿ ಎಂದರು.

ಬಾವುಟ ಬಿತ್ತು. ನಾನು ಕನ್ನಡಿ ನೋಡುವಷ್ಟರಲ್ಲಿ ಅವರ ಕಾರು ಇರಲಿಲ್ಲ. ಹಾಗೆ ಓಡಿಸುವುದನ್ನು ನಾನು ನೋಡಿರಲಿಲ್ಲ. ಸುರಂಗದಲ್ಲಿ ರಸ್ತೆ ಬಿಟ್ಟು ಗೋಡೆಯನ್ನು ಸವರಿಕೊಂಡು ಹೋದರು, ಉಳಿದ ಆರೂ ಕಾರನ್ನು ದಾಟಿದರು, ನಾನು ಕೆಂಪು ಹಲಗೆಯ ಹತ್ತಿರ ಇರುವಾಗ ಹಿಂದಿನಿಂದ ಬಂದು ನನ್ನನ್ನೂ ದಾಟಿಹೋದರು. ಕಣ್ಣು ಮಿಟುಕಿಸಲಿಲ್ಲ. ಉಸಿರಾಡಿದರೋ ಇಲ್ಲವೋ. ಮೂರು ಸುತ್ತು ಮುಗಿಸಿ ಕೈಪಟ್ಟಿ ಕೆಳಗಿಟ್ಟಾಗ ನಾನಿನ್ನೂ ಎರಡನೇ ಸುತ್ತಿನಲ್ಲಿ ಸೇತುವೆ ಹತ್ತುತ್ತಿದ್ದೆ.

“ನಾನು ಬಾವಿಯಲ್ಲಿ ಬಿದ್ದಿದ್ದು ಜೋರಾಗಿ ಹೋಗಿ ಅಲ್ಲ ಅಮ್ಮ,” ಎಂದರು. “ಮೇಲೆ ಒಬ್ಬಳು ಹೆಂಗಸು, ಕಂಕುಳಲ್ಲಿ ಮಗು ಇಟ್ಕೊಂಡು ನನಗೆ ಕೊಡೋಕೆ ನೋಟು ಹಿಡಿದು ಬಗ್ಗಿದ್ದಳು. ತೀರಾ ಬಗ್ಗಿದ್ದಳು. ತಾಗಿಬಿಟ್ರೆ ಅಂತ ನಿಧಾನ ಮಾಡ್ದೆ. ಬಾವಿ ಗೋಡೆ ಮೇಲೆ ನಿಧಾನ ಮಾಡಿದ್ರೆ ಗಾಡಿ ನಿಲ್ಲಲ್ಲ, ಕೆಳಗೆ ಬರತ್ತೆ.”

ಸಣ್ಣ ದನಿಯಲ್ಲಿ ಉಳಿದದ್ದನ್ನೂ ಹೇಳಿದರು. ಆಸ್ಪತ್ರೆಯಿಂದ ಬಂದ ಮೇಲೆ ಎರಡು ವರ್ಷ ರಸ್ತೆಯಲ್ಲೂ ಬಾವಿಯ ಹಾಗೇ ಓಡಿಸುತ್ತಿದ್ದರಂತೆ, ನಿಧಾನ ಮಾಡಿದರೆ ಬೀಳುತ್ತೇನೆ ಎನ್ನುವ ಭಯಕ್ಕೆ. ಹೆಂಡತಿ ಜೊತೆಗೆ ಕೂರಲು ಒಪ್ಪದೆ ಹೋದರು. ನಿಧಾನ ಕಲಿಯಲು ಅವರಿಗೆ ವರ್ಷಗಳೇ ಬೇಕಾದವು. ಅದಕ್ಕೇ ಬಂದವರಿಗೆಲ್ಲ ಮೊದಲು ಅದನ್ನೇ ಕಲಿಸಿದರು, ಜೋರಾಗಿ ಹೋಗಿ ಬಿದ್ದೆ ಎಂಬ ಕತೆಯನ್ನು ಪಾಠಕ್ಕೆಂದು ಕಟ್ಟಿದರು. ಹೆಂಡತಿಯೂ ಅದನ್ನೇ ನಂಬಿದ್ದರು.

“ನಿಮಗೆ ನಿಧಾನ ಕಲಿಸ್ಬೇಕಾಗಿರಲಿಲ್ಲ. ತಪ್ಪು ನಂದು,” ಎಂದರು. “ನೀವು ಹುಟ್ಟಿದಾಗ್ಲಿಂದ ಎಲ್ರಿಗೂ ದಾರಿ ಬಿಟ್ಕೊಂಡೇ ಬಂದೋರು.”

“ಯಾರು ಹೇಳಿದ್ದು? ನಮ್ಮತ್ತೆ ಇದ್ದಿದ್ರೆ ಕೇಳ್ಬಹುದಿತ್ತು. ನಾನು ದಾರಿ ಬಿಟ್ಟಿದ್ದು ನೀವು ಬಿಡಿ ಅಂದಿದ್ದಕ್ಕೆ.”

ಮೇಷ್ಟ್ರು ನನ್ನನ್ನೇ ನೋಡಿದರು. ಆಮೇಲೆ ನಕ್ಕರು. ಬಿಳಿ ಮೀಸೆಯ ಕೆಳಗೆ ಒಂದು ಹಲ್ಲು ಇರಲಿಲ್ಲ, ಆವತ್ತೇ ನನಗೆ ಗೊತ್ತಾದದ್ದು.

ಆ ವಾರ ಕಾನೂನು ತಿರುಗಿತು. ಆಟದಲ್ಲಿ ಬ್ರೇಕ್ ಮುಟ್ಟುವ ಹಾಗಿಲ್ಲ. ಕೆಂಪು ಹಲಗೆಗೆ ನಿಲ್ಲುವ ಹಾಗಿಲ್ಲ. ಸಂದು ಕಂಡರೆ ನುಗ್ಗು. ಉಳಿದ ವಿದ್ಯಾರ್ಥಿಗಳಿಗೆ ಹಳೇ ಕಾನೂನು, ನನಗೊಬ್ಬಳಿಗೆ ಹೊಸದು. ಸಿ.ವಿ. ರಾಮನ್ ನಗರದಿಂದ ಬರುತ್ತಿದ್ದ ಹೊಸ ಮದುವಣಗಿತ್ತಿಯೊಬ್ಬಳು, ಅಮ್ಮನಿಗೆ ಮಾತ್ರ ಯಾಕೆ ಹೀಗೆ ಎಂದು ಮುಖ ಊದಿಸಿಕೊಂಡಳು. ಮೊದಲ ದಿನ ಐದನೆಯವಳಾದೆ. ಮೂರನೇ ದಿನ ಎರಡನೆಯವಳು. ಐದನೇ ದಿನ ಸುರಂಗದ ಬಾಯಲ್ಲಿ ಮೇಷ್ಟ್ರ ಕಾರಿನ ಪಕ್ಕೆಗೆ ಗುದ್ದಿ ಗೋಡೆಗೆ ಒತ್ತಿ ಮೊದಲನೆಯವಳಾಗಿ ಬಂದೆ. ಹೊಸ ರಸ್ತೆ ತೆರೆಯಿತು, ಮರಳುಗಾಡಿನದು. ಮೇಷ್ಟ್ರು ಅದನ್ನು ನೋಡಲೂ ಇಲ್ಲ. ಗುದ್ದಿದ್ದು ಮೋಸ ಎಂದು ಸಂಜೆಯವರೆಗೆ ಮಾತಾಡಲಿಲ್ಲ. ಬಾವಿಯಲ್ಲಿ ಬೈಕ್ ಓಡಿಸಿದ ಮನುಷ್ಯ, ಟಿ.ವಿ. ಕಾರಿಗೆ ತಾಗಿತೆಂದು ಅಷ್ಟು ಸಿಟ್ಟು.

ಕೆಂಪು ಕಾರಿನಲ್ಲಿ ದಿನಕ್ಕೆರಡು ಸಲ ಹಳೇ ಮದ್ರಾಸ್ ರಸ್ತೆಗೆ ಸೇರುವ ಕಡೆ ಕರೆದುಕೊಂಡು ಹೋದರು. ಪಾಠ ಒಂದೇ. ಬರುವ ಗಾಡಿಯನ್ನಲ್ಲ, ಎರಡು ಗಾಡಿಯ ನಡುವಿನ ಜಾಗವನ್ನು ನೋಡಿ. ಜಾಗ ಕಂಡ ಮೇಲೆ ಯೋಚನೆ ಮಾಡಬೇಡಿ. ನಾನು ಯೋಚನೆ ಮಾಡಿದಾಗಲೆಲ್ಲ, ಕೂತ ಕಡೆಯಿಂದಲೇ ‘ಬೀಳ್ತೀರಾ, ಬೀಳ್ತೀರಾ’ ಎನ್ನುತ್ತಿದ್ದರು. ಮಧ್ಯೆ ಎರಡು ಸಲ ಬ್ರೇಕಿಗೆಂದು ಕಾಲು ಕೆಳಗಿಳಿಸಿದರು. ನಾನು ನೋಡಿದೆ ಎಂದು ಗೊತ್ತಾಗಿ ಮತ್ತೆ ಮೇಲೆ ಮಡಿಸಿಕೊಂಡರು.

ಎರಡನೇ ಟೆಸ್ಟಿಗೆ ಅದೇ ಇನ್‌ಸ್ಪೆಕ್ಟರ್. ನನ್ನನ್ನು ಕಂಡ ಕೂಡಲೇ ಗುರುತು ಸಿಕ್ಕಿ ನಿಟ್ಟುಸಿರು ಬಿಟ್ಟರು. ಗೇಟಿನ ಹತ್ತಿರ ಬಂದಾಗ ಎಡಗಡೆಯಿಂದ ಟೆಂಪೋ, ಬಲಗಡೆಯಿಂದ ಆಟೋ, ನಡುವೆ ಜಾಗ. ಹೋದೆ. ಇನ್‌ಸ್ಪೆಕ್ಟರ್ ಬಾಗಿಲಿನ ಹಿಡಿ ಹಿಡಿದುಕೊಂಡರು. ಸಾಕಮ್ಮ, ನಿಲ್ಲಿಸು, ಪಾಸು ಎಂದರು. ಇಳಿಯುವಾಗ ಮೇಷ್ಟ್ರ ಕಡೆ ತಿರುಗಿ, ಒಂದು ವಾರದಲ್ಲಿ ಏನು ತಿನ್ನಿಸಿದಿರಿ ಎಂದು ಕೇಳಿದರು. ಮೇಷ್ಟ್ರು ಮೀಸೆ ಸವರಿಕೊಂಡರು.

ದೀಪಾವಳಿ ಆಯಿತು. ಆಟೋದವನು ಗುರುವಾರ ಕೊನೆಯ ಸಲ ಬಂದ, ಕೈ ಮುಗಿದು ಹೋದ. ಕಾರ್ಡು ಬಂದಿರಲಿಲ್ಲ. ಶುಕ್ರವಾರ ಮಧ್ಯಾಹ್ನದವರೆಗೆ ಅಂಚೆಯವನ ದಾರಿ ನೋಡುತ್ತ ಬಾಗಿಲಲ್ಲೇ ಕೂತಿದ್ದೆ. ಒಂದೂವರೆಗೆ ಬಂತು. ಫೋಟೋದಲ್ಲಿ ನಾನು ಯಾರನ್ನೋ ಹೊಡೆಯಲು ಹೊರಟವಳ ಹಾಗಿದ್ದೇನೆ. ಅದನ್ನು ಹಿಡಿದು ಮೇಷ್ಟ್ರ ಅಂಗಡಿಗೆ ಹೋದೆ. ಅವರು ಕಾರ್ಡನ್ನು ಎರಡೂ ಕಡೆ ತಿರುಗಿಸಿ ನೋಡಿ, ಬೆಳಕಿಗೆ ಹಿಡಿದು ನೋಡಿ, ಕೊಟ್ಟರು. ನಾಳೆ ಬೆಳಿಗ್ಗೆ ಒಂದು ದಿನ ಮಾತ್ರ ಪಕ್ಕದಲ್ಲಿ ಕೂರಲು ಬನ್ನಿ ಎಂದೆ. ನಾನು ಯಾರ ಹತ್ತಿರವೂ ಕೇಳಿಕೊಳ್ಳುವವಳಲ್ಲ, ಆವತ್ತು ಕೇಳಿಕೊಂಡೆ.

“ಬರಲ್ಲ,” ಎಂದರು. “ಬಂದ್ರೆ ನೀವು ನನ್ನ ಕಾಲ್ಬೆರಳೇ ನೋಡ್ತೀರಿ.”

ನನಗೆ ಸಿಟ್ಟು ಬಂತು. ಇಷ್ಟು ದಿನ ಗೊತ್ತಿದ್ದೂ ಹೇಳಲಿಲ್ಲವಲ್ಲ. ಹೋಗಿ ಬರುತ್ತೇನೆ ಎಂದೂ ಹೇಳದೆ ಎದ್ದು ಬಂದೆ.

ಆಮೇಲೆ ಹತ್ತು ವರ್ಷ ಆ ಅಂಗಡಿಗೆ ಹೋಗಿ ಬರುತ್ತಿದ್ದೆ, ಕಲಿಯಲು ಅಲ್ಲ, ಸುಮ್ಮನೆ. ನಮ್ಮ ಯಜಮಾನರು ಇನ್ನೂ ನಾಲ್ಕು ವರ್ಷ ಬದುಕಿದರು. ಅಷ್ಟೂ ದಿನ ನಾನೇ ಓಡಿಸಿದೆ. ಒಂದು ದಿನವೂ ಆ ಮೆಷೀನಿಗೆ ಬೇರೆಯವರನ್ನು ಹಾಕಲಿಲ್ಲ. ಯಜಮಾನರು ಹೋದ ಮೇಲೆ ಮೇಷ್ಟ್ರು ಬಂದು ನಮ್ಮ ವರಾಂಡದಲ್ಲಿ ಒಂದು ಗಂಟೆ ಕೂತು, ಕಾರಿನ ಟಯರ್ ಒದ್ದು ನೋಡಿ ಗಾಳಿ ಕಡಿಮೆ ಇದೆ ಎಂದು ಹೇಳಿ ಹೋದರು. ಸಾವಿನ ಮನೆಗೆ ಬಂದವರಲ್ಲಿ ಉಪಯೋಗದ ಮಾತು ಆಡಿದವರು ಅವರೊಬ್ಬರೇ. ಹೋದ ವರ್ಷ ಅವರ ಹೆಂಡತಿ ಆ ಪೆಟ್ಟಿಗೆಯನ್ನು ತೆಗೆದುಕೊಂಡು ಹೋಗಿ ಎಂದರು. ನನಗೆ ಬೇಡ ಎಂದೆ. ಈಗ ಅದು ತಲೆಕೆಳಗಾಗಿ ಇಟ್ಟರೂ ಓಡುವುದಿಲ್ಲವಂತೆ.

ಆ ಶುಕ್ರವಾರದ ಮಾತು ಮುಗಿಸುತ್ತೇನೆ. ಮಾರನೇ ದಿನ ಬೆಳಿಗ್ಗೆ ನಾಲ್ಕೂವರೆಗೆ ಎದ್ದೆ. ಕಾರಿನ ಹೊದಿಕೆ ತೆಗೆದು ಮಡಿಸಿದೆ, ಗಾಜು ಒರೆಸಿದೆ. ಯಜಮಾನರಿಗೆ ಎರಡು ಇಡ್ಲಿ ತಿನ್ನಿಸಿ, ಮುಂದಿನ ಸೀಟಿನಲ್ಲಿ ಕೂರಿಸಿ, ಬೆಲ್ಟ್ ಹಾಕಿದೆ. ಅವರು ಎರಡು ಕೈಯಲ್ಲೂ ಸೀಟು ಹಿಡಿದುಕೊಂಡರು. ಹಳೇ ಮದ್ರಾಸ್ ರಸ್ತೆ ಸೇರುವ ಕಡೆ ಲಾರಿಗಳು ಒಂದರ ಹಿಂದೆ ಒಂದು ಬರುತ್ತಿದ್ದವು. ಸ್ವಲ್ಪ ತಡಿಯೇ, ಅವನು ಹೋಗಲಿ ಎಂದರು. ನಾನು ಜಾಗ ನೋಡಿದೆ, ಹೋದೆ. ಲಾರಿಯವನು ಹಾರ್ನ್ ಹೊಡೆದ, ನಾನೂ ಹೊಡೆದೆ. ಆರಕ್ಕೆ ಹತ್ತು ನಿಮಿಷ ಇರುವಾಗ ಆಸ್ಪತ್ರೆ ಒಳಗೆ ಅವರನ್ನು ಮಲಗಿಸಿ, ಸೂಜಿ ಚುಚ್ಚಿದ್ದನ್ನು ನೋಡಿ ಹೊರಗೆ ಬಂದೆ. ಕಾರು ಎರಡು ಗಾಡಿಯ ಜಾಗಕ್ಕೆ ಅಡ್ಡಡ್ಡ ನಿಂತಿತ್ತು. ನನ್ನ ಹತ್ತಿರ ನಾಲ್ಕು ಗಂಟೆ ಸಮಯವಿತ್ತು. ಹತ್ತಿ ಕೂತು, ಹಿಂದೆ ಮುಂದೆ ಏಳು ಸಲ ಮಾಡಿ, ಗೆರೆಯೊಳಗೆ ನೆಟ್ಟಗೆ ನಿಲ್ಲಿಸಿದೆ.